ಕ್ಯೂಆರ್ ಕೋಡಿನ ವಂಚನೆಗಳೂ ಗ್ರಾಮ ಪ್ರಮುಖರ ಕರ್ತವ್ಯವೂ

ವ್ಯವಸಾಯಗಾರನ ಶ್ರಮವು ಬೆಳೆಯನ್ನು ಕೊಯ್ದು ಕಣದಲ್ಲಿ ರಾಶಿ ಹಾಕಿದೊಡನೆ ಮುಗಿಯತಕ್ಕದ್ದಲ್ಲ. ರಾಶಿಯು ಹಣವಾಗಿ, ಆ ಹಣವು ಕ್ಷೇಮವಾಗಿ ಅವನ ಮನೆಯನ್ನು ಸೇರಿದಾಗಲೇ ಅವನ ವರ್ಷದ ದುಡಿಮೆಯು ಸಾರ್ಥಕವಾಯಿತೆಂದು ಹೇಳಬೇಕು. ಪೈರಿಗೆ ಬೀಳುವ ಹುಳುವನ್ನೂ, ಬಾಳೆಗೆ ತಗಲುವ ರೋಗವನ್ನೂ, ಕಣಜಕ್ಕೆ ನುಗ್ಗುವ ಇಲಿಯನ್ನೂ ನಿವಾರಿಸುವ ಉಪಾಯಗಳನ್ನು ರೈತರಿಗೆ ಆಗಾಗ್ಗೆ ತಿಳಿಸಲಾಗುತ್ತಿರುವುದು. ಆದರೆ ಬೆಳೆಯು ಹಣವಾದ ಬಳಿಕ ಆ ಹಣಕ್ಕೇ ಬೀಳುವ ಹುಳುವೊಂದು ಈಚಿನ ವರ್ಷಗಳಲ್ಲಿ ಹಳ್ಳಿಗಳಿಗೂ ಬಂದಿದೆ. ಕ್ಯೂಆರ್ ಕೋಡಿನ ಮೂಲಕ ನಡೆಯುವ ವಂಚನೆಯೇ ಅದು. ಇದನ್ನು ಪಟ್ಟಣದವರ ಪಾಡೆಂದು ಬಿಟ್ಟುಬಿಡುವ ಕಾಲವು ಕಳೆದುಹೋಯಿತು. ಇದರಿಂದ ಹಳ್ಳಿಯನ್ನು ಕಾಪಾಡುವ ಕೆಲಸವು ಪೊಲೀಸಿನವರಿಗಿಂತಲೂ ಬ್ಯಾಂಕಿನವರಿಗಿಂತಲೂ ಮುಂಚೆ ಗ್ರಾಮದ ಯಜಮಾನರಿಗೂ ಹಿಡುವಳಿದಾರರಿಗೂ ಸೇರಿದ್ದೆಂಬುದೇ ಈ ಲೇಖನದ ಅಭಿಪ್ರಾಯವು.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಕಾವೇರಿ ಕಪಿಲೆಗಳ ನೀರಿನಿಂದ ತಂಪಾದ ಸೀಮೆಗಳು. ಭತ್ತ, ಕಬ್ಬು, ಬಾಳೆ, ತೆಂಗು, ರೇಷ್ಮೆಗೂಡು, ಕುರಿ, ಹಾಲು ಇವುಗಳ ವ್ಯಾಪಾರವು ಇಲ್ಲಿ ವರ್ಷದುದ್ದಕ್ಕೂ ನಡೆಯುತ್ತದೆ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆ, ಸುತ್ತೂರಿನ ಜಾತ್ರೆ, ಮುಡುಕುತೊರೆಯ ದನಗಳ ಜಾತ್ರೆ ಇವುಗಳಿಗೆ ದೂರದ ಊರುಗಳಿಂದ ಜನರು ನೆರೆಯುವರು. ೨೦೨೫ರ ಫೆಬ್ರವರಿ ೧೦ರಿಂದ ೧೨ರವರೆಗೆ ನರಸೀಪುರದ ಸಂಗಮದಲ್ಲಿ ನಡೆದ ಕುಂಭಮೇಳಕ್ಕೂ ಅಪಾರ ಜನಸಂದಣಿ ಸೇರಿತ್ತು. ಇಂಥ ಸ್ಥಳಗಳಲ್ಲಿ ಹೂವು ಮಾರುವ ಮುದುಕಿಯ ಬುಟ್ಟಿಯಿಂದ ಹಿಡಿದು ಗೊಬ್ಬರದ ಅಂಗಡಿಯ ಮೇಜಿನವರೆಗೂ ಕಪ್ಪುಬಿಳುಪಿನ ಚೌಕಳಿ ಗುರುತಿನ ಚೀಟಿಯು ಅಂಟಿರುವುದನ್ನು ಎಲ್ಲರೂ ಕಂಡಿದ್ದಾರೆ. ೨೦೨೫ರ ಆಗಸ್ಟ್ ತಿಂಗಳೊಂದರಲ್ಲಿಯೇ ಭಾರತದಲ್ಲಿ ಯುಪಿಐ ಮೂಲಕ ನಡೆದ ವ್ಯವಹಾರಗಳು ೨೦೦೦ ಕೋಟಿಯನ್ನು ಮೀರಿದುವು. ಇಷ್ಟೊಂದು ಹಣ ಹರಿಯುವ ಕಾಲುವೆಯ ಏರಿಯಲ್ಲಿ ಕಳ್ಳ ತೂಬು ಕೊರೆಯುವವರು ಹುಟ್ಟಿಕೊಳ್ಳುವುದು ಆಶ್ಚರ್ಯವಲ್ಲ. ಏರಿಯನ್ನು ಕಾಯುವವರಿಲ್ಲದಿರುವುದೇ ಆಶ್ಚರ್ಯ.

ಚೌಕಳಿ ಗುರುತೆಂದರೇನು

ಈ ಗುರುತನ್ನು ೧೯೯೪ರಲ್ಲಿ ಜಪಾನ್ ದೇಶದ ಡೆನ್ಸೊ ಎಂಬ ಕಾರ್ಖಾನೆಯವರು ಮೋಟಾರು ಬಂಡಿಗಳ ಬಿಡಿಭಾಗಗಳ ಲೆಕ್ಕವನ್ನಿಡುವುದಕ್ಕಾಗಿ ಕಂಡುಹಿಡಿದರು. ಹಣದ ವ್ಯವಹಾರಕ್ಕೆ ಇದು ಬಂದದ್ದು ಬಹಳ ತಡವಾಗಿ. ನಮ್ಮ ದೇಶದಲ್ಲಿ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯು ೨೦೧೬ರ ಏಪ್ರಿಲಿನಲ್ಲಿ ಯುಪಿಐ ಪದ್ಧತಿಯನ್ನು ಆರಂಭಿಸಿದ ಮೇಲೆ ಚೌಕಳಿ ಗುರುತು ಅಂಗಡಿ ಅಂಗಡಿಗೂ ಹರಡಿತು. ಈ ಗುರುತಿನೊಳಗೆ ಇರುವುದು ಇಷ್ಟೇ: ಹಣವು ಯಾರಿಗೆ ಸೇರಬೇಕೋ ಅವರ ಯುಪಿಐ ವಿಳಾಸ, ಅವರ ಹೆಸರು, ಕೆಲವು ವೇಳೆ ಕೊಡಬೇಕಾದ ಮೊಬಲಗು. ಎಂದರೆ ಇದು ವಿಳಾಸ ಬರೆದ ಲಕೋಟೆಯಂತೆಯೇ ಹೊರತು ಹಣ ತುಂಬಿದ ಚೀಲವಲ್ಲ. ಲಕೋಟೆಯ ಮೇಲಿನ ವಿಳಾಸವನ್ನು ಓದಿದ ಮಾತ್ರಕ್ಕೆ ಓದಿದವನ ಮನೆಗೆ ಹಣವು ಹೇಗೆ ಬಾರದೋ, ಹಾಗೆಯೇ ಚೌಕಳಿ ಗುರುತನ್ನು ಫೋನಿಗೆ ತೋರಿಸಿದ ಮಾತ್ರಕ್ಕೆ ತೋರಿಸಿದವನ ಖಾತೆಗೆ ಹಣವು ಬಾರದು.

ಈ ಗುರುತಿನ ವಿಶೇಷವೂ ಅಪಾಯವೂ ಒಂದೇ ಕಡೆಯಲ್ಲಿವೆ. ಬರಿಗಣ್ಣಿನಿಂದ ಇದನ್ನು ಯಾರೂ ಓದಲಾರರು. ಕಾಗದದ ಪತ್ರವಾದರೆ ಓದುಬರಹ ಬಲ್ಲವನು ಓದಿ ಮೋಸವನ್ನು ಕಂಡುಹಿಡಿಯಬಹುದು. ಚೌಕಳಿ ಗುರುತಿನ ಮುಂದೆ ಪಂಡಿತನೂ ಪಾಮರನೂ ಸಮಾನರು. ಅಂಗಡಿಯ ಯಜಮಾನನದು ಯಾವುದು, ಕಳ್ಳನದು ಯಾವುದು ಎಂಬುದು ನೋಟಕ್ಕೆ ತಿಳಿಯದು. ಆದ್ದರಿಂದ ವಿದ್ಯಾವಂತರಾದ ಹಿಡುವಳಿದಾರರು ತಮಗೆ ಈ ಅಪಾಯವಿಲ್ಲವೆಂದು ಭಾವಿಸತಕ್ಕದ್ದಲ್ಲ. ಗುರುತನ್ನು ಫೋನು ಓದಿದ ಮೇಲೆ ಪರದೆಯಲ್ಲಿ ಹಣ ಪಡೆಯುವವನ ಹೆಸರು ಕಾಣುತ್ತದೆ. ಮನುಷ್ಯನು ಓದಬಹುದಾದದ್ದು ಅದೊಂದೇ. ೨೦೨೫ರ ಜೂನ್ ೩೦ರೊಳಗಾಗಿ ಎಲ್ಲ ಯುಪಿಐ ಆ್ಯಪುಗಳೂ ಬ್ಯಾಂಕಿನ ದಾಖಲೆಯಲ್ಲಿರುವ ನಿಜವಾದ ಹೆಸರನ್ನೇ ತೋರಿಸಬೇಕೆಂದು ಮೇಲ್ಕಂಡ ಸಂಸ್ಥೆಯು ವಿಧಿಸಿತು. ಹೆಸರನ್ನು ತೋರಿಸುವುದು ಆ್ಯಪಿನ ಕೆಲಸ. ಓದುವುದು ಹಣ ಕೊಡುವವನ ಕೆಲಸ. ಓದದೆ ಕೊಟ್ಟವನಿಗೆ ಈ ವಿಧಿಯಿಂದ ಪ್ರಯೋಜನವೇನೂ ಇಲ್ಲ.

ವಂಚನೆಯ ರೀತಿಗಳು

ವಂಚಕರ ಉಪಾಯಗಳು ಹಲವಾಗಿ ಕಂಡರೂ ಅವನ್ನು ನಾಲ್ಕು ಬಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಹಣ ಕೊಡುವೆನೆಂದು ಹೇಳಿ ಹಣ ಕೀಳುವ ಬಗೆ. ಬನ್ನೂರಿನ ಕಡೆಯ ರೈತನೊಬ್ಬನು ತನ್ನ ಕುರಿಗಳ ಚಿತ್ರವನ್ನು ಮಾರಾಟಕ್ಕಾಗಿ ಫೋನಿನಲ್ಲಿ ಪ್ರಕಟಿಸಿರುವನೆಂದು ಭಾವಿಸಬಹುದು. ಯಾರೋ ಒಬ್ಬನು ಕರೆ ಮಾಡಿ, ತಾನು ಸೈನ್ಯದಲ್ಲಿರುವವನೆಂದೂ, ಕುರಿಗಳು ಒಪ್ಪಿಗೆಯಾದುವೆಂದೂ ಹೇಳಿ, ಚೌಕಾಶಿಯನ್ನೇ ಮಾಡದೆ ಬೆಲೆಗೆ ಒಪ್ಪಿಕೊಳ್ಳುವನು. ಬಳಿಕ ಚೌಕಳಿ ಗುರುತೊಂದನ್ನು ಕಳುಹಿಸಿ, "ಅಣ್ಣಾ, ಇದನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿರಿ, ಮುಂಗಡ ಹಣ ನಿಮ್ಮ ಖಾತೆಗೆ ಬರುವುದು" ಎನ್ನುವನು. ರೈತನು ಹಾಗೆಯೇ ಮಾಡಿದರೆ ಹಣವು ಬರುವುದಕ್ಕೆ ಬದಲಾಗಿ ಹೋಗುವುದು. ಹೋಯಿತೆಂದು ಗಾಬರಿಯಾದವನಿಗೆ, "ತಪ್ಪಾಯಿತು, ಹಿಂದಿರುಗಿಸುತ್ತೇನೆ" ಎಂದು ಇನ್ನೊಂದು ಗುರುತನ್ನು ಕಳುಹಿಸಿ ಎರಡನೆಯ ಸಾರಿಯೂ ಕೀಳುವನು. ಸೈನಿಕನ ಹೆಸರನ್ನು ಹೇಳಿ ಹಳೆಯ ಸಾಮಾನು ಕೊಳ್ಳುವ ನೆವದಿಂದ ಈ ಮೋಸವು ದೇಶದ ನಾನಾ ಕಡೆಗಳಲ್ಲಿ ಹಲವು ವರ್ಷಗಳಿಂದ ನಡೆದಿದೆ. ಸೈನ್ಯದ ಮೇಲೆ ಜನರಿಗಿರುವ ಗೌರವವೇ ಇಲ್ಲಿ ವಂಚಕನ ಬಂಡವಾಳ.

ತಪ್ಪಿ ನಿಮ್ಮ ಖಾತೆಗೆ ಹಣ ಬಂದಿದೆ, ದಯವಿಟ್ಟು ಹಿಂದಿರುಗಿಸಿ ಎಂದು ಅಂಗಲಾಚುವುದೂ ಇದೇ ಬಗೆಗೆ ಸೇರಿದ್ದು. ಹಣ ಬಂದಂತೆ ಸುಳ್ಳು ಸಂದೇಶವೊಂದನ್ನು ಕಳುಹಿಸಿ, ಹಿಂದಿರುಗಿಸಲು ಚೌಕಳಿ ಗುರುತನ್ನೂ ಕಳುಹಿಸುವರು. ಪರರ ಹಣ ತನಗೆ ಬೇಡವೆಂಬ ಧರ್ಮಬುದ್ಧಿಯುಳ್ಳವನೇ ಈ ಬಲೆಗೆ ಬೀಳುವನು. ಇಂಥ ಕರೆ ಬಂದಾಗ ಸಂದೇಶವನ್ನು ನಂಬದೆ ಖಾತೆಯ ಶಿಲ್ಕನ್ನೇ ನೋಡತಕ್ಕದ್ದು. ಹಣವು ನಿಜವಾಗಿ ಬಂದಿದ್ದರೂ, ಕಳುಹಿಸಿದವನು ತನ್ನ ಬ್ಯಾಂಕಿನ ಮೂಲಕ ಕೇಳಲೆಂದು ಹೇಳಿ ಸುಮ್ಮನಾಗತಕ್ಕದ್ದು.

ಎರಡನೆಯದು, ಗುರುತನ್ನೇ ಬದಲಾಯಿಸುವ ಬಗೆ. ಅಂಗಡಿಯ ಚೀಟಿಯ ಮೇಲೆ ಕಳ್ಳನು ರಾತ್ರಿಯ ಹೊತ್ತಿನಲ್ಲಿ ತನ್ನ ಚೀಟಿಯನ್ನು ಅಂಟಿಸಿ ಹೋಗುವನು. ೨೦೨೫ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊ ಎಂಬಲ್ಲಿ ಒಂದೇ ರಾತ್ರಿಯಲ್ಲಿ ಹಲವು ಅಂಗಡಿಗಳ ಹಾಗೂ ಪೆಟ್ರೋಲ್ ಬಂಕಿನ ಗುರುತುಗಳು ಹೀಗೆ ಬದಲಾದುವು; ಪರದೆಯಲ್ಲಿ ಬೇರೆ ಹೆಸರು ಕಂಡಾಗ ಮೋಸವು ಹೊರಬಿತ್ತು. ಅಮೆರಿಕ ದೇಶದ ಆಸ್ಟಿನ್ ನಗರದಲ್ಲಿ ಬಂಡಿ ನಿಲ್ಲಿಸುವ ಸುಂಕದ ಯಂತ್ರಗಳ ಮೇಲೆ ಸುಳ್ಳು ಗುರುತುಗಳನ್ನು ಅಂಟಿಸಿದ್ದು ೨೦೨೨ರ ಜನವರಿಯಲ್ಲಿ ಬೆಳಕಿಗೆ ಬಂತು. ದೇವರ ಹೆಸರೂ ಇದಕ್ಕೆ ಹೊರತಲ್ಲ. ಅಯೋಧ್ಯೆಯ ದೇವಾಲಯದ ಹೆಸರಿನಲ್ಲಿ ಸುಳ್ಳು ಗುರುತುಗಳ ಮೂಲಕ ಕಾಣಿಕೆ ಎತ್ತುತ್ತಿರುವರೆಂದು ೨೦೨೩ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಟಿತ್ತು. ಜಾತ್ರೆ, ಅನ್ನದಾನ, ರಥೋತ್ಸವಗಳ ಹೆಸರಿನಲ್ಲಿ ಕಂಬಗಳಿಗೆ ಅಂಟಿಸಿರುವ ಗುರುತುಗಳಿಗೆ ಹಣ ಹಾಕುವ ಮುನ್ನ ದೇವಸ್ಥಾನದ ಕಚೇರಿಯಲ್ಲಿ ವಿಚಾರಿಸುವುದು ಭಕ್ತಿಗೆ ಕುಂದಲ್ಲ.

ಗುರುತನ್ನು ಬದಲಾಯಿಸುವವನು ಹೊರಗಿನವನೇ ಆಗಿರಬೇಕೆಂಬ ನಿಯಮವಿಲ್ಲ. ಮಂಗಳೂರಿನ ಪೆಟ್ರೋಲ್ ಬಂಕೊಂದರಲ್ಲಿ ಮೇಲ್ವಿಚಾರಕನಾಗಿದ್ದವನೇ ಬಂಕಿನ ಗುರುತಿನ ಸ್ಥಳದಲ್ಲಿ ತನ್ನ ಖಾತೆಯ ಗುರುತನ್ನಿರಿಸಿ, ಬಹುಕಾಲ ಸುಮಾರು ೫೮ ಲಕ್ಷ ರೂಪಾಯಿಗಳನ್ನು ತನ್ನ ಕಡೆಗೆ ತಿರುಗಿಸಿಕೊಂಡನೆಂಬ ಆಪಾದನೆಯು ೨೦೨೫ರ ಜನವರಿಯಲ್ಲಿ ಹೊರಬಿತ್ತು. ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಬಾಡಿಗೆ, ಹಾಲಿನ ಸಂಘ ಮುಂತಾದುವನ್ನು ಆಳುಗಳ ಕೈಯಲ್ಲಿ ಬಿಟ್ಟಿರುವ ಜಮೀನ್ದಾರರು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳತಕ್ಕದ್ದು. ದಿನದ ಮಾರಾಟದ ಲೆಕ್ಕವನ್ನು ಅದೇ ಸಂಜೆ ಬ್ಯಾಂಕಿನ ಜಮೆಯೊಡನೆ ತಾಳೆ ನೋಡುವ ಯಜಮಾನನಿಗೆ ಇಂಥ ಮೋಸವು ಒಂದು ದಿನಕ್ಕಿಂತ ಹೆಚ್ಚು ಕಾಲ ನಡೆಯದು. ವರ್ಷಕ್ಕೊಮ್ಮೆ ಲೆಕ್ಕ ನೋಡುವವನಿಗೆ ವರ್ಷಗಟ್ಟಲೆ ನಡೆಯುವುದು.

ಮೂರನೆಯದು, ಹಣ ಕೊಟ್ಟಂತೆ ನಟಿಸುವ ಬಗೆ. ಬಾಳೆಗೊನೆ, ಎಳನೀರು, ತರಕಾರಿ ಇವುಗಳನ್ನು ತೋಟದಲ್ಲಿಯೇ ಕೊಳ್ಳಬಂದ ವ್ಯಾಪಾರಿಯು ಸರಕನ್ನು ಲಾರಿಗೆ ತುಂಬಿಸಿಕೊಂಡು, ತನ್ನ ಫೋನಿನಲ್ಲಿ ಹಣ ಸಂದಾಯವಾದಂತೆ ಹಸಿರು ಗುರುತನ್ನು ತೋರಿಸಿ ಹೊರಟುಹೋಗುವನು. ಅದು ನಕಲಿ ಆ್ಯಪಿನ ಚಿತ್ರವಾಗಿರಬಹುದು, ಇಲ್ಲವೇ ಹಳೆಯ ವ್ಯವಹಾರದ ಚಿತ್ರವಾಗಿರಬಹುದು. ಕೊಡುವವನ ಫೋನು ಸಾಕ್ಷಿಯಲ್ಲ. ಪಡೆಯುವವನ ಖಾತೆಯೇ ಸಾಕ್ಷಿ. ತನ್ನ ಖಾತೆಯಲ್ಲಿ ಜಮೆ ಕಾಣುವವರೆಗೆ ಲಾರಿಯನ್ನು ಬಿಡಕೂಡದು. ನಂಜನಗೂಡಿನ ರಸಬಾಳೆಯಂತಹ ಬೆಲೆಯುಳ್ಳ ಬೆಳೆಯನ್ನು ಹಿಡಿದಿಟ್ಟು ಹತ್ತು ನಿಮಿಷ ಕಾಯಿಸುವುದು ಅವಮರ್ಯಾದೆಯಲ್ಲ. ನಿಜವಾದ ವ್ಯಾಪಾರಿಯು ಅದಕ್ಕೆ ಬೇಸರಪಡುವುದೂ ಇಲ್ಲ.

ನಾಲ್ಕನೆಯದು, ಗುರುತಿನ ಮೂಲಕ ಫೋನನ್ನೇ ವಶಪಡಿಸಿಕೊಳ್ಳುವ ಬಗೆ. ಚೌಕಳಿ ಗುರುತಿನೊಳಗೆ ಹಣದ ವಿಳಾಸಕ್ಕೆ ಬದಲಾಗಿ ಯಾವುದೋ ಜಾಲತಾಣದ ವಿಳಾಸವಿರಬಹುದು. ಅದನ್ನು ತೆರೆದರೆ, ಪಿಎಂ ಕಿಸಾನ್ ಕಂತು ಬರಬೇಕಾದರೆ, ಬೆಳೆ ಪರಿಹಾರ ಸಿಗಬೇಕಾದರೆ, ಸಬ್ಸಿಡಿ ಮಂಜೂರಾಗಬೇಕಾದರೆ ಈ ಆ್ಯಪನ್ನು ಹಾಕಿಕೊಳ್ಳಿ ಎಂಬ ಮಾತು ಕಾಣುವುದು. ಹಾಕಿಕೊಂಡರೆ ಫೋನಿಗೆ ಬರುವ ಸಂದೇಶಗಳೂ ಗುಟ್ಟಿನ ಸಂಖ್ಯೆಗಳೂ ವಂಚಕನಿಗೆ ಕಾಣತೊಡಗುವುವು. ಪಿಎಂ ಕಿಸಾನ್ ಯೋಜನೆಯು ೨೦೧೯ರಲ್ಲಿ ಆರಂಭವಾದುದು. ಅದರ ೬,೦೦೦ ರೂಪಾಯಿಗಳು ವರ್ಷಕ್ಕೆ ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುವುವು. ಅದಕ್ಕಾಗಿ ರೈತನು ಯಾವ ಗುರುತನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ, ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ. ಸಂದೇಹವಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎದುರಿಗೆ ಕೇಳಿ ತಿಳಿಯತಕ್ಕದ್ದು.

ಇಲ್ಲಿ ಒಂದು ವಿವೇಚನೆ ಅವಶ್ಯ. ಎಲ್ಲ ಚೌಕಳಿ ಗುರುತುಗಳೂ ಹಣಕ್ಕೆ ಸಂಬಂಧಪಟ್ಟುವಲ್ಲ. ಬೀಜದ ಮೂಲವನ್ನು ತಿಳಿಸುವ ಸಾಥಿ ಎಂಬ ವ್ಯವಸ್ಥೆಯನ್ನು ಕೇಂದ್ರ ಸರ್ಕಾರವು ೨೦೨೩ರ ಏಪ್ರಿಲಿನಲ್ಲಿ ಆರಂಭಿಸಿತು. ಅದರಂತೆ ಬೀಜದ ಚೀಲದ ಮೇಲಿರುವ ಗುರುತು ಆ ಬೀಜವು ಎಲ್ಲಿಯದು, ಯಾರು ಬೆಳೆಸಿದ್ದು ಎಂಬುದನ್ನು ತಿಳಿಸುವುದಕ್ಕಾಗಿ ಇರುವುದು. ಅದು ರೈತನಿಗೆ ಉಪಕಾರವೇ. ಆದರೆ ಬೀಜದ ಚೀಲದ ಗುರುತನ್ನು ತೋರಿಸಿದಾಗ ಫೋನು ಪಿನ್ ಕೇಳಿದರೆ, ಅದು ಬೀಜದ ಗುರುತಲ್ಲ, ಕಳ್ಳನ ಗುರುತೆಂದು ತಿಳಿದು ಅಲ್ಲಿಗೇ ನಿಲ್ಲಿಸತಕ್ಕದ್ದು.

ಒಂದೇ ಸೂತ್ರ

ಮೇಲೆ ಹೇಳಿದ ಬಗೆಗಳನ್ನೆಲ್ಲ ಪ್ರತಿಯೊಬ್ಬ ರೈತನೂ ಜ್ಞಾಪಕದಲ್ಲಿಡುವುದು ಕಷ್ಟ. ವಂಚಕರು ನಾಳೆ ಐದನೆಯ ಬಗೆಯೊಂದನ್ನು ಹುಡುಕುವುದೂ ಖಂಡಿತ. ಆದ್ದರಿಂದ ಎಲ್ಲಕ್ಕೂ ಮೂಲವಾದ ಸೂತ್ರವೊಂದನ್ನು ಹಿಡಿದರೆ ಸಾಕು. ಸ್ಕ್ಯಾನ್ ಮಾಡುವುದೂ ಪಿನ್ ಒತ್ತುವುದೂ ಹಣ ಕೊಡುವವನ ಕೆಲಸ. ಹಣ ಪಡೆಯುವವನು ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ, ಏನನ್ನೂ ಒಪ್ಪಬೇಕಾಗಿಲ್ಲ. ಸುಮ್ಮನಿದ್ದರೂ ಹಣವು ಬರುವುದು. ಪಡೆಯುವುದಕ್ಕಾಗಿ ಪಿನ್ ಒತ್ತು ಎಂದವನು ಯಾರೇ ಆಗಿರಲಿ, ಕಳ್ಳನೇ ಸರಿ. ಈ ಮಾತಿಗೆ ಅಪವಾದವಿಲ್ಲ.

ಪಿನ್ ಎಂಬುದು ಈ ಕಾಲದ ರುಜು. ಹಳ್ಳಿಯ ಹಿರಿಯರಿಗೆ ಇದನ್ನು ಹೆಬ್ಬೆಟ್ಟಿನ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುವುದು. ಓದು ಬಾರದ ರೈತನಿಂದ ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಮನ ಬಂದ ಮೊಬಲಗನ್ನು ಬರೆದುಕೊಂಡ ಸಾಹುಕಾರರ ಕಥೆಗಳು ಪ್ರತಿಯೊಂದು ಊರಿನಲ್ಲಿಯೂ ಉಂಟು. ೧೮೭೫ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಇಂಥ ಸಾಲಪತ್ರಗಳನ್ನು ಕಿತ್ತುಕೊಂಡು ಸುಟ್ಟರು. ತರುವಾಯ ೧೮೭೯ರಲ್ಲಿ ಬಂದ ದಖ್ಖಣದ ರೈತರ ಸಂಕಷ್ಟ ಪರಿಹಾರದ ಕಾಯಿದೆಯು, ರೈತನು ಬರೆದುಕೊಡುವ ಪತ್ರಗಳು ಗ್ರಾಮದ ರಿಜಿಸ್ಟ್ರಾರನ ಎದುರಿಗೆ ಆಗಬೇಕೆಂದು ಏರ್ಪಾಟು ಮಾಡಿತು. ಅದರ ತಾತ್ಪರ್ಯವು ಸರಳವಾದುದು: ಓದಲಾಗದ ಪತ್ರಕ್ಕೆ ಒಬ್ಬಂಟಿಯಾಗಿ ರುಜು ಹಾಕಕೂಡದು. ಇಂದು ಚೌಕಳಿ ಗುರುತು ಯಾರಿಗೂ ಓದಲಾಗದ ಪತ್ರ. ಪಿನ್ ಅದಕ್ಕೆ ಹಾಕುವ ರುಜು. ೨೦೨೫ರ ಅಕ್ಟೋಬರಿನಿಂದ ಪಿನ್ನಿಗೆ ಬದಲಾಗಿ ಫೋನಿನ ಮೇಲೆ ಬೆರಳನ್ನಿಟ್ಟು ಹಣ ಕೊಡುವ ಅನುಕೂಲವೂ ಬಂದಿರುವುದರಿಂದ, ಹೆಬ್ಬೆಟ್ಟಿನ ಹೋಲಿಕೆಯು ಈಗ ಹೋಲಿಕೆ ಮಾತ್ರವಾಗಿ ಉಳಿದಿಲ್ಲ. ಫೋನಿನ ಮೇಲೆ ಇಡುವ ಬೆರಳೂ ರುಜುವೇ. ಅಂದು ತಾತನು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಕೂಡದೆಂದು ಕಲಿತ ಪಾಠವನ್ನೇ ಇಂದು ಮೊಮ್ಮಗನು ಕಲಿಯಬೇಕಾಗಿದೆ.

ಎರಡು ಆಕ್ಷೇಪಣೆಗಳು

ಇಷ್ಟು ತೊಂದರೆಯೇಕೆ, ನೋಟಿನ ವ್ಯವಹಾರವೇ ಮೇಲು, ಚೌಕಳಿ ಚೀಟಿಯನ್ನು ಕಿತ್ತೆಸೆಯಬೇಕು ಎಂದು ಕೆಲವು ಹಿರಿಯರು ಹೇಳುವರು. ಈ ಮಾತಿನಲ್ಲಿ ಅನುಭವವಿದೆ. ಆದರೆ ಇದು ಪೂರ್ತಿ ಸರಿಯಲ್ಲ. ಸಂತೆಯಿಂದ ನೋಟಿನ ಗಂಟನ್ನು ಕಟ್ಟಿಕೊಂಡು ಬರುವಾಗ ಜೇಬುಗಳ್ಳರ ಭಯವೂ ಖೋಟಾ ನೋಟಿನ ಭಯವೂ ಇದ್ದೇ ಇದ್ದುವು. ಚಿಲ್ಲರೆಯಿಲ್ಲದೆ ಸೊಪ್ಪು ಮಾರುವ ಹೆಂಗಸು ಗಿರಾಕಿಯನ್ನು ಕಳೆದುಕೊಳ್ಳುತ್ತಿದ್ದಳು. ಈಗಲಾದರೋ ಅವಳ ಹಣವು ಅವಳ ಹೆಸರಿನ ಖಾತೆಗೆ ಸೇರುತ್ತದೆ. ಯಾರು ಎಷ್ಟು ಯಾವಾಗ ಕೊಟ್ಟರೆಂಬ ದಾಖಲೆಯೂ ಉಳಿಯುತ್ತದೆ. ಕೂಲಿಯನ್ನು ಕೊಟ್ಟೆನೆಂದೂ ಕೊಡಲಿಲ್ಲವೆಂದೂ ಜಮೀನ್ದಾರನಿಗೂ ಆಳಿಗೂ ನಡೆಯುತ್ತಿದ್ದ ಜಗಳಗಳು ಈ ದಾಖಲೆಯಿಂದ ಎಷ್ಟೋ ತಗ್ಗಬಹುದು. ಹುಳು ಬಿತ್ತೆಂದು ಗದ್ದೆಯನ್ನು ಬೀಳು ಬಿಡುವ ರೈತನಿಲ್ಲ. ಹುಳುವನ್ನು ಕೊಂದು ಗದ್ದೆಯನ್ನು ಉಳಿಸುವುದೇ ಒಕ್ಕಲುತನ.

ಹಣವು ಹೋದರೆ ಬ್ಯಾಂಕಿನವರು ತುಂಬಿಕೊಡಲಿ ಎಂಬುದು ಎರಡನೆಯ ಮಾತು. ಇದು ಆಗುವುದು ಕಷ್ಟ. ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯು ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದ ನಷ್ಟವಾಗಿದ್ದು, ಮೂರು ಕೆಲಸದ ದಿನಗಳೊಳಗೆ ಅವನು ಬ್ಯಾಂಕಿಗೆ ತಿಳಿಸಿದರೆ ನಷ್ಟವು ಅವನ ಮೇಲೆ ಬೀಳಕೂಡದೆಂದು ವಿಧಿಸಿತು. ಆದರೆ ಗುಟ್ಟಿನ ಸಂಖ್ಯೆಯನ್ನು ತಾನೇ ಹೊರಗೆ ಬಿಟ್ಟಂತಹ ಅಜಾಗ್ರತೆಯಿದ್ದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ಗ್ರಾಹಕನೇ ಹೊರಬೇಕೆಂದೂ ಅದೇ ಸುತ್ತೋಲೆಯು ಹೇಳಿತು. ಚೌಕಳಿ ಗುರುತಿನ ಮೋಸದಲ್ಲಿ ರೈತನು ತನ್ನ ಕೈಯಾರೆ ಪಿನ್ ಒತ್ತಿರುವುದರಿಂದ ಅವನ ವಾದಕ್ಕೆ ಬಲ ಕಡಿಮೆ. ಸರ್ಕಾರವೂ ಸಂಸ್ಥೆಗಳೂ ಸುಮ್ಮನೆ ಕುಳಿತಿಲ್ಲವೆಂಬುದು ನಿಜ. ಒಬ್ಬನು ಇನ್ನೊಬ್ಬನಿಂದ ಹಣ ಬೇಡಿ ಫೋನಿಗೆ ಕೋರಿಕೆ ಕಳುಹಿಸುವ ಸೌಕರ್ಯವು ವಂಚಕರ ಪಾಲಾಯಿತೆಂದು, ವ್ಯಕ್ತಿ ವ್ಯಕ್ತಿಗಳ ನಡುವೆ ಅದನ್ನು ೨೦೨೫ರ ಅಕ್ಟೋಬರ್ ೧ರಿಂದ ನಿಲ್ಲಿಸಲಾಯಿತು. ಒಂದು ತೂಬು ಮುಚ್ಚಿತು. ಚೌಕಳಿ ಗುರುತಿನ ತೂಬು ತೆರೆದೇ ಇದೆ. ಅದನ್ನು ಮುಚ್ಚುವ ಮಣ್ಣು ಊರಿನವರ ಎಚ್ಚರದಲ್ಲಿದೆ.

ಗ್ರಾಮ ಪ್ರಮುಖರು ಮಾಡತಕ್ಕ ಕೆಲಸ

ಈ ವಂಚನೆಯ ಬಲವು ಗುಟ್ಟಿನಲ್ಲಿದೆ. ವಂಚಕನು ರೈತನನ್ನು ಯಾವಾಗಲೂ ಒಬ್ಬಂಟಿಯಾಗಿ, ಅವಸರದಲ್ಲಿ ಹಿಡಿಯುವನು. "ಯಾರಿಗೂ ಹೇಳಬೇಡಿ, ಫೋನ್ ಇಡಬೇಡಿ" ಎನ್ನುವನು. ಹಣವು ಹೋದ ಮೇಲೆ ನಾಚಿಕೆಯು ಆ ರೈತನ ಬಾಯಿಯನ್ನು ಕಟ್ಟುವುದು. ಮನೆಯಲ್ಲಿ ಬೈಗುಳ, ಊರಿನಲ್ಲಿ ನಗೆಪಾಟಲು ಎಂದು ಅಂಜಿ ಅವನು ಎರಡು ದಿನ ಸುಮ್ಮನಿರುವನು. ಅಷ್ಟರಲ್ಲಿ ಹಣವು ಹತ್ತು ಖಾತೆಗಳನ್ನು ದಾಟಿ ಹೋಗಿರುವುದು. ಅವನ ನಾಚಿಕೆಯೇ ಕಳ್ಳನಿಗೆ ಬೆಂಗಾವಲು. ಊರಿನ ಯಜಮಾನನು ಇಂಥವನನ್ನು ಕಂಡು ನಕ್ಕರೆ ಆ ನಗುವು ಮುಂದಿನ ಹತ್ತು ಜನರ ಬಾಯಿಯನ್ನೂ ಮುಚ್ಚಿಸುವುದು. ಮೋಸಹೋದದ್ದು ಅಪರಾಧವಲ್ಲ, ಮುಚ್ಚಿಟ್ಟದ್ದೇ ತಪ್ಪು ಎಂದು ಅವನು ಹೇಳಿದರೆ ಊರೇ ಎಚ್ಚತ್ತುಕೊಳ್ಳುವುದು. ಬ್ಯಾಂಕಿನ ಮ್ಯಾನೇಜರನಾಗಲಿ ಪೊಲೀಸಿನವರಾಗಲಿ ಮಾಡಲಾರದ ಕೆಲಸವಿದು. ಯಜಮಾನನ ಒಂದು ಮಾತಿನಿಂದ ಮಾತ್ರ ಆಗತಕ್ಕದ್ದು.

ಹಣವು ಹೋದುದು ತಿಳಿದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ೧೯೩೦ ಎಂಬ ಸಂಖ್ಯೆಗೆ, ಎಂದರೆ ಒಂದು, ಒಂಬತ್ತು, ಮೂರು, ಸೊನ್ನೆ ಎಂದು ಒತ್ತಿ, ಕರೆ ಮಾಡುವುದು. ಇದು ಸೈಬರ್ ಹಣದ ವಂಚನೆಗಳಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಇಲ್ಲಿಗೆ ತಿಳಿಸಿದರೆ ಹಣವು ಯಾವ ಬ್ಯಾಂಕಿಗೆ ಹೋಗಿದೆಯೋ ಅಲ್ಲಿಗೆ ಸಮಾಚಾರವು ಮುಟ್ಟಿ, ಕಳ್ಳನು ಎತ್ತಿಕೊಳ್ಳದೆ ಉಳಿದಿರುವ ಹಣವನ್ನು ತಡೆಹಿಡಿಯುವ ಅವಕಾಶವುಂಟು. ಆದ್ದರಿಂದಲೇ ಮೊದಲನೆಯ ಗಂಟೆಗೆ ಇರುವ ಬೆಲೆ ಮಾರನೆಯ ದಿನಕ್ಕಿಲ್ಲ. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆಯ ಸಂಖ್ಯೆ, ಹೋದ ಮೊಬಲಗು, ದಿನ, ವೇಳೆ, ವ್ಯವಹಾರದ ೧೨ ಅಂಕಿಗಳ ಸಂಖ್ಯೆ ಇವುಗಳನ್ನು ಕೈಯಲ್ಲಿಟ್ಟುಕೊಂಡಿರಬೇಕು. ವಂಚಕನ ಸಂದೇಶಗಳನ್ನು ಕೋಪದಿಂದ ಅಳಿಸಿಹಾಕಕೂಡದು, ಅವೇ ಸಾಕ್ಷ್ಯಗಳು. ತರುವಾಯ ತನ್ನ ಬ್ಯಾಂಕಿಗೆ ತಿಳಿಸಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರದ ಜಾಲತಾಣದಲ್ಲಾಗಲಿ, ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ, ಮೈಸೂರು ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಾಗಲಿ ದೂರು ಕೊಡತಕ್ಕದ್ದು.

ಕಳೆದುಕೊಂಡದ್ದನ್ನು ಹುಡುಕುವುದಕ್ಕಿಂತ ಕಳೆದುಕೊಳ್ಳದಿರುವುದು ಮೇಲು. ಅದಕ್ಕಾಗಿ ಪ್ರತಿಯೊಂದು ಗ್ರಾಮದಲ್ಲಿಯೂ ಕೆಳಗಿನ ಏರ್ಪಾಟುಗಳು ನಡೆದರೆ ಒಳ್ಳೆಯದು.

ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಒಮ್ಮೆಯಾದರೂ ಎತ್ತಿ, ಪಡೆಯುವುದಕ್ಕೆ ಪಿನ್ ಬೇಡ ಎಂಬ ಮಾತನ್ನು ಎಲ್ಲರ ಕಿವಿಗೂ ಮುಟ್ಟಿಸಬೇಕು. ತಮಟೆ ಹೊಡೆದು ಸಾರುವ ರೂಢಿಯಿರುವ ಊರುಗಳಲ್ಲಿ ಜಾತ್ರೆಗೆ ಮುಂಚೆ ಇದನ್ನೂ ಸಾರಿಸಬಹುದು. ಹಾಲಿನ ಸಂಘ, ಸಹಕಾರ ಸಂಘ, ನ್ಯಾಯಬೆಲೆ ಅಂಗಡಿಗಳ ಗೋಡೆಗಳ ಮೇಲೆ ೧೯೩೦ ಎಂಬ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಸ್ತ್ರೀಶಕ್ತಿ ಸಂಘಗಳ ಹೆಂಗಸರಿಗೆ ಮೊದಲು ತಿಳಿಸಿದರೆ ಮನೆಮನೆಗೂ ತಿಳಿಸಿದಂತಾಗುವುದು.

ಅಂಗಡಿಯಿರುವವರು ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆದಾಗ ಚೀಟಿಯನ್ನು ಉಗುರಿನಿಂದ ಕೆರೆದು, ಮೇಲೆ ಬೇರೆ ಚೀಟಿ ಅಂಟಿದೆಯೇ ಎಂದು ನೋಡಿ, ತಮ್ಮ ಮನೆಯವರ ಫೋನಿನಿಂದ ಒಂದು ರೂಪಾಯಿ ಹಾಕಿ ತಮ್ಮ ಹೆಸರು ಬರುವುದೋ ಎಂದು ಪರೀಕ್ಷಿಸತಕ್ಕದ್ದು. ಚೀಟಿಯನ್ನು ಬೀದಿಯ ಕಡೆಗೆ ತೂಗುಹಾಕದೆ ಗಾಜಿನ ಒಳಗಡೆ ಇಡುವುದು ಮೇಲು. ಹಣ ಬಂದೊಡನೆ ಮಾತಾಡಿ ತಿಳಿಸುವ ಧ್ವನಿಪೆಟ್ಟಿಗೆಯು ಸುಳ್ಳು ಚಿತ್ರ ತೋರಿಸುವವರಿಗೆ ಒಳ್ಳೆಯ ಕಡಿವಾಣ. ಹಣ ಕೊಡುವವನು ಪರದೆಯ ಹೆಸರನ್ನು ಗಟ್ಟಿಯಾಗಿ ಓದಿ, ಅಂಗಡಿಯವನು ಹೌದೆಂದ ಮೇಲೆಯೇ ಪಿನ್ ಒತ್ತುವ ಅಭ್ಯಾಸವು ಊರಿನಲ್ಲೆಲ್ಲ ಬಳಕೆಗೆ ಬಂದರೆ ಚೀಟಿ ಬದಲಾಯಿಸುವ ವಿದ್ಯೆಯು ಒಂದೇ ದಿನದಲ್ಲಿ ನಿಷ್ಫಲವಾಗುವುದು.

ಹಿಡುವಳಿದಾರರು ತಮ್ಮ ಮನೆಯ ಮಟ್ಟಿಗೆ ಮಾಡಬೇಕಾದದ್ದೂ ಇದೆ. ಭತ್ತ ಮಾರಿದ ಹಣವನ್ನೂ ಬೆಳೆ ಸಾಲದ ಹಣವನ್ನೂ ಫೋನಿಗೆ ಸೇರಿಸಿರುವ ಖಾತೆಯಲ್ಲಿಯೇ ಇಡಕೂಡದು. ದಿನದ ವೆಚ್ಚಕ್ಕಾಗಿ ಚಿಕ್ಕ ಖಾತೆಯೊಂದನ್ನು ಫೋನಿಗೆ ಸೇರಿಸಿ, ದೊಡ್ಡ ಗಂಟನ್ನು ಬೇರೊಂದು ಖಾತೆಯಲ್ಲಿಡಬೇಕು. ಹೊಲಕ್ಕೆ ಹೋಗುವವನು ಬುತ್ತಿಯಷ್ಟನ್ನೇ ಒಯ್ಯುವನಲ್ಲದೆ ಕಣಜವನ್ನು ಹೊತ್ತುಕೊಂಡು ಹೋಗುವನೇ? ಯುಪಿಐನಲ್ಲಿ ಸಾಮಾನ್ಯವಾಗಿ ದಿನವೊಂದಕ್ಕೆ ೧ ಲಕ್ಷ ರೂಪಾಯಿಯವರೆಗೆ ಕಳುಹಿಸ ಬರುವುದರಿಂದ, ಒಂದು ಮಧ್ಯಾಹ್ನದ ಮರುಳಿಗೆ ಒಂದು ಬೆಳೆಯ ಆದಾಯವೇ ಹೋಗಬಹುದು. ಹಲವು ಬ್ಯಾಂಕುಗಳಲ್ಲಿ ಈ ಮಿತಿಯನ್ನು ತಗ್ಗಿಸಿಕೊಳ್ಳುವ ಅನುಕೂಲವುಂಟು, ಕೇಳಿ ಮಾಡಿಸಿಕೊಳ್ಳತಕ್ಕದ್ದು. ಪಿನ್ನನ್ನು ಅಂಗಡಿಯವನಿಗೂ ಆಳಿಗೂ ಹೇಳಿಕೊಟ್ಟು ಅವರ ಕೈಯಿಂದ ಹಣ ಹಾಕಿಸುವ ಅಭ್ಯಾಸವು ಹಳ್ಳಿಗಳಲ್ಲಿ ಬಹಳವಾಗಿದೆ. ಇದು ಪೆಟ್ಟಿಗೆಯ ಬೀಗದ ಕೈಯನ್ನು ಬೀದಿಯಲ್ಲಿ ತೂಗುಹಾಕಿದಂತೆ. ಕಣ್ಣು ಮಂದವಾದ ಹಿರಿಯರಿಗೆ ನಂಬಿಕೆಯುಳ್ಳ ಮನೆಯ ಮಗನೋ ಮಗಳೋ ಸಹಾಯ ಮಾಡಲಿ, ಬೇರೆಯವರು ಬೇಡ.

ಪ್ರತಿಯೊಂದು ಊರಿನಲ್ಲಿಯೂ ಕಾಲೇಜು ಓದುವ ಹುಡುಗ ಹುಡುಗಿಯರಿರುವರು. ಅಂಥವರಲ್ಲಿ ನಂಬಿಕೆಗೆ ಅರ್ಹರಾದ ಇಬ್ಬರನ್ನು ಯಜಮಾನರು ಆರಿಸಿ, ಸಂದೇಹ ಬಂದಾಗ ಯಾರು ಬೇಕಾದರೂ ಬಂದು ಕೇಳಬಹುದೆಂದು ಏರ್ಪಡಿಸಿದರೆ, ೧೮೭೯ರ ಕಾಯಿದೆಯು ಗ್ರಾಮದ ರಿಜಿಸ್ಟ್ರಾರನಿಗೆ ವಹಿಸಿದ ಕೆಲಸವನ್ನು ಊರೇ ವಹಿಸಿಕೊಂಡಂತಾಗುವುದು. ಆ ಯುವಕರು ಪಿನ್ನನ್ನು ಕೇಳಕೂಡದು, ಇನ್ನೊಬ್ಬರ ಫೋನಿನಲ್ಲಿ ತಾವೇ ಹಣ ಹಾಕಕೂಡದು. ಪರದೆಯಲ್ಲಿರುವುದನ್ನು ಓದಿ ಹೇಳುವುದಷ್ಟೇ ಅವರ ಕೆಲಸವೆಂದು ಕಟ್ಟುಮಾಡಬೇಕು.

ಕಾಲುವೆಯ ನೀರಿನ ಸರದಿಗೂ, ಕೆರೆಯ ಏರಿಯ ಕಾವಲಿಗೂ, ಜಾತ್ರೆಯ ಬಂದೋಬಸ್ತಿಗೂ ಊರಿನ ಹಿರಿಯರು ಹಿಂದಿನಿಂದಲೂ ಕಟ್ಟುಗಳನ್ನು ಮಾಡಿಕೊಂಡು ಬಂದಿದ್ದಾರೆ. ಯಾವ ಕಾಯಿದೆಯೂ ಕಲಿಸದಿದ್ದ ಕಾಲದಲ್ಲಿಯೂ ಆ ಕಟ್ಟುಗಳು ಊರನ್ನು ಕಾಪಾಡಿದುವು. ಹಣದ ವ್ಯವಹಾರಕ್ಕೂ ಅಂಥದೊಂದು ಕಟ್ಟು ಈಗ ಅವಶ್ಯವಾಗಿದೆ. ಕೊಡುವವನು ಹೆಸರನ್ನು ಓದಿ ಕೊಡಬೇಕು; ಪಡೆಯುವವನು ಪಿನ್ ಒತ್ತಕೂಡದು; ಮೋಸಹೋದವನು ಆ ಗಂಟೆಯಲ್ಲಿಯೇ ಬಾಯಿಬಿಡಬೇಕು; ಬಾಯಿಬಿಟ್ಟವನನ್ನು ನೋಡಿ ಊರು ನಗಕೂಡದು. ಈ ನಾಲ್ಕು ಮಾತುಗಳನ್ನು ನಂಜನಗೂಡು, ನರಸೀಪುರದ ಸೀಮೆಯ ಯಜಮಾನರು ತಮ್ಮ ತಮ್ಮ ಊರುಗಳಲ್ಲಿ ನಡೆಸಿಕೊಂಡು ಬಂದರೆ, ಬಿಸಿಲು ಮಳೆಗಳಲ್ಲಿ ದುಡಿದ ರೈತನ ಹಣವು ರೈತನ ಮನೆಯಲ್ಲಿಯೇ ಉಳಿಯುವುದು.